ಪೂಜೆಯ ದಿನದ ಉತ್ತರಗಳು

ಪಕ್ಕದ ಮನೆಯ ರೇಡಿಯೊದ ಸದ್ದು ಸಣ್ಣದಾಗಿದ್ದರೆ ನಾನು ಆ ಮನೆಗೆ ಹೋಗಬಹುದು. ದೊಡ್ಡದಾಗಿದ್ದರೆ ಹೋಗುವಂತಿಲ್ಲ. ಪೀಣ್ಯದ ಆ ವಠಾರದಲ್ಲಿ ಕಳೆದ ಕಾಲದ ಬಗ್ಗೆ ನಾನು ಖಚಿತವಾಗಿ ಹೇಳಬಹುದಾದದ್ದು ಇಷ್ಟೇ.

ಇದನ್ನು ಹಿಂದೆಯೂ ಬರೆಯಲು ಕೂತಿದ್ದೆ. ಒಮ್ಮೆ ವಿಶ್ವವಿದ್ಯಾಲಯದ ಕಾರಿಡಾರಿನಿಂದ ಶುರು ಮಾಡಿದೆ, ಇನ್ನೊಮ್ಮೆ ಕಾರ್ಖಾನೆಯ ಗೇಟಿನಿಂದ. ಎರಡರಲ್ಲೂ ನಾನು ಬಹಳ ತಿಳಿದವಳಂತೆ, ಬಹಳ ನೊಂದವಳಂತೆ ಬಂದು ನಿಂತೆ. ಹರಿದು ಹಾಕಿದೆ. ನೆನಪು ತನ್ನಷ್ಟಕ್ಕೆ ತಾನೇ ಬಟ್ಟೆ ಇಸ್ತ್ರಿ ಮಾಡಿಕೊಂಡು ಬರುತ್ತದೆ. ನನಗೆ ಬೇಕಾದದ್ದು ಆ ದಿನ ಉಟ್ಟಿದ್ದ, ಬಸ್ಸಿನಲ್ಲಿ ಮುದುಡಿದ ಬಟ್ಟೆ. ಅದು ಸಿಗುತ್ತದೆ ಎಂಬ ಭರವಸೆಯೇನೂ ಇಲ್ಲ.

ಎಮರ್ಜೆನ್ಸಿ ಮುಗಿದು ಸ್ವಲ್ಪ ಕಾಲವಾಗಿತ್ತು. ನಾನು ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ಸಹಾಯಕಿ. ಅಣ್ಣನ ಮನೆಯಲ್ಲಿದ್ದೆ. ಅವನಿಗೆ ಮದುವೆಯಾದ ಮೇಲೆ ನನ್ನ ಮಂಚ ನಡುಮನೆಗೆ ಬಂತು, ಆಮೇಲೆ ಮಡಚುವ ಮಂಚವಾಯಿತು. ನಮ್ಮ ಪ್ರೊಫೆಸರರು ಪೀಣ್ಯದ ಕಾರ್ಮಿಕರ ಕೆಲಸದ ಪರಿಸರದ ಬಗ್ಗೆ ಅಧ್ಯಯನ ಶುರು ಮಾಡಿದಾಗ, ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದರೆ ಕೆಲಸಕ್ಕೂ ಅನುಕೂಲ ಎಂದರು. ನಾನು ಆ ಮಾತಿಗೆ ಕಾದಿದ್ದವಳಂತೆ ಹೊರಟೆ.

ವಠಾರ ಎಂದರೆ ಎದುರುಬದುರು ಸಾಲು ಮನೆಗಳು, ಮೇಲೆ ಸಿಮೆಂಟ್ ಶೀಟು, ನಡುವೆ ಒಂದು ಕಲ್ಲು ಹಾಸಿನ ಓಣಿ, ಕೊನೆಗೆ ನಲ್ಲಿ. ಮಾಲೀಕಳು ಆ ಊರಿನ ಮೂಲದ ಮುದುಕಿ. ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋದ ಮೇಲೆ, ಉಳಿದ ಹಿತ್ತಿಲಲ್ಲಿ ಮಗ ಈ ಮನೆಗಳನ್ನು ಕಟ್ಟಿಸಿದ್ದ. ಒಂಟಿ ಹೆಂಗಸಿಗೆ ಮನೆ ಕೊಡುವುದಿಲ್ಲ ಎಂದು ಮೊದಲು ಅಂದಳು. ಯೂನಿವರ್ಸಿಟಿ ಎಂದ ಮೇಲೆ, ಅದು ಏನೆಂದು ಕೇಳದೆ, ಕೊಟ್ಟಳು.

ನನ್ನ ಪಕ್ಕದ ಮನೆಯಾತ ಒಂದು ಕಾರ್ಖಾನೆಯ ಪ್ರೆಸ್ ಸೆಕ್ಷನ್ನಿನಲ್ಲಿದ್ದ. ತಗಡಿನ ಹಾಳೆಯನ್ನು ಒಂದೇ ಏಟಿಗೆ ಬಟ್ಟಲೋ ಮುಚ್ಚಳವೋ ಮಾಡುವ ಯಂತ್ರ ಅದು. ಶಿಫ್ಟಿನುದ್ದಕ್ಕೂ ಆ ಏಟು. ಆತನ ಕಿವಿ ಆಗಲೇ ಮಂದವಾಗಿತ್ತು. ಬಲಗಿವಿ ಹೆಚ್ಚು. ಮನೆಯಲ್ಲಿದ್ದಾಗ ರೇಡಿಯೊ ಓಣಿಯ ಕೊನೆಯ ನಲ್ಲಿಯವರೆಗೆ ಕೇಳುತ್ತಿತ್ತು. ವಾರ್ತೆಯಾಗಲಿ, ಹಾಡಾಗಲಿ, ರೈತರಿಗೆ ಸಲಹೆಯಾಗಲಿ. ಸೆಕೆಂಡ್ ಶಿಫ್ಟಿನ ವಾರ ಬಂದರೆ, ಆತ ಮಧ್ಯಾಹ್ನ ಹೊರಟ ಕೂಡಲೇ ಹೆಂಡತಿ ಗುಂಡಿ ತಿರುಗಿಸಿ ಅದನ್ನು ಸಣ್ಣ ಮಾಡುತ್ತಿದ್ದಳು. ಸಂಜೆ ನಾನು ಬಸ್ಸಿಳಿದು ಬರುವಾಗ ಓಣಿ ಶಾಂತವಾಗಿದ್ದರೆ, ಬೀಗ ತೆಗೆಯುವ ಮೊದಲೇ ಗೊತ್ತಾಗುತ್ತಿತ್ತು.

"ಬನ್ನಿ ಅಕ್ಕ, ನನ್ನ ಕಿವಿಗೆ ರಜಾ ಸಿಕ್ಕಿದೆ" ಅನ್ನುತ್ತಿದ್ದಳು.

ಮೊದಲು ನಾನು ಮೇಡಂ ಆಗಿದ್ದೆ. ಯಾವಾಗ ಅಕ್ಕ ಆದೆನೋ ತಿಳಿಯದು. ವಯಸ್ಸಿನಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ನನಗೆ ಒಂದು ಪೆಟ್ಟಿಗೆ ಪುಸ್ತಕ. ಅವಳು ಅವರೆಕಾಳು ಹಿತುಕುತ್ತ ಕೂರುವಳು, ನಾನೂ ಹಿತುಕುವೆನು. ಮಾತಿಲ್ಲದೆ ಇದ್ದರೂ ನಡೆಯುತ್ತಿತ್ತು. ಏನಾದರೂ ಮಾಡಿದ ದಿನ ಸ್ಟೀಲಿನ ತಟ್ಟೆಯಲ್ಲಿ ಹಾಕಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಕಳಿಸುವಳು. ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದಲ್ಲ. ನನ್ನ ಅಡುಗೆ ಯಾರಿಗೂ ಕೊಡುವಂಥದ್ದಲ್ಲ. ಆದ್ದರಿಂದ ಸಕ್ಕರೆಯೋ, ಬಾಳೆಹಣ್ಣೋ, ಏನೂ ಇಲ್ಲದಿದ್ದರೆ ಎರಡು ದಾಸವಾಳವೋ ಇಟ್ಟು ಕೊಡುತ್ತಿದ್ದೆ.

"ದಾಸವಾಳದ ಪಲ್ಯ ಮಾಡ್ಲಾ ಅಕ್ಕ?" ಎಂದು ನಗುತ್ತಿದ್ದಳು.

ಇಡೀ ದಿನದಲ್ಲಿ ನನ್ನನ್ನು ಯಾರಾದರೂ ತಮಾಷೆ ಮಾಡುತ್ತಿದ್ದದ್ದು ಅಲ್ಲಿ ಮಾತ್ರ. ಇದನ್ನು ಎತ್ತಿ ಹೇಳಲು ಕಾರಣವಿದೆ. ವಿಭಾಗದಲ್ಲಿ ನಾನು ಗಂಭೀರ, ಅಣ್ಣನ ಮನೆಯಲ್ಲಿ ಅತಿಥಿ, ಬಸ್ಸಿನಲ್ಲಿ ಯಾರೂ ಅಲ್ಲ. ಆ ಮನೆಯ ಬಾಗಿಲೊಂದು ಹೋದರೆ ನನಗೆ ಪೀಣ್ಯದಲ್ಲಿ ಏನೂ ಉಳಿಯುವುದಿಲ್ಲ ಎಂದು ಆಗಲೇ ಗೊತ್ತಿತ್ತು.

ಆ ಗಂಡಹೆಂಡತಿಗೂ ಒಂದು ಆಸೆಯಿತ್ತು. ಪ್ರೆಸ್ ಸೆಕ್ಷನ್ನಿನಲ್ಲಿ ಒಬ್ಬನನ್ನೇ ವರ್ಷಗಟ್ಟಲೆ ಇಡಬಾರದು, ಕೆಲವು ತಿಂಗಳಿಗೊಮ್ಮೆ ಬೇರೆ ಸೆಕ್ಷನ್ನಿಗೆ ಬದಲಿಸಬೇಕು ಎಂದು ಕಾರ್ಮಿಕ ಸಂಘ ಕೇಳುತ್ತಿತ್ತು. ಕೆಂಪು ಬಾವುಟದ ಸಂಘ. ಮಾತುಕತೆ ಶುರುವಾಗಿತ್ತು.

"ಯುಗಾದಿ ಹೊತ್ತಿಗೆ ಇವರನ್ನ ಇನ್ಸ್‌ಪೆಕ್ಷನ್‌ಗೆ ಹಾಕ್ತಾರಂತೆ ಅಕ್ಕ, ಅಲ್ಲಿ ಸದ್ದಿರಲ್ವಂತೆ. ಆಮೇಲೆ ರೇಡಿಯೊ ಯಾವಾಗ್ಲೂ ಸಣ್ಣಗೇ ಇಡ್ಬೋದು" ಎಂದಿದ್ದಳು.

ಹೋದ ಕಿವಿ ಸೆಕ್ಷನ್ ಬದಲಾದರೆ ಬರುವುದಿಲ್ಲ. ಅದನ್ನು ನಾನು ಹೇಳಲಿಲ್ಲ. ಅವಳಿಗೂ ಗೊತ್ತಿತ್ತೇನೋ.

ನಮ್ಮ ಪ್ರೊಫೆಸರರ ಬಗ್ಗೆ ಎರಡು ಮಾತು. ಖಾದಿ ಜುಬ್ಬ, ಹೆಗಲಿಗೆ ಬಟ್ಟೆಯ ಚೀಲ. ಅವರನ್ನು ಕೆಂಪು ಮನುಷ್ಯ ಎಂದು ಆಡಳಿತ ಕಚೇರಿಯವರು ಅನ್ನುತ್ತಿದ್ದರು. ನಿಜವಾದ ಕೆಂಪಿನವರು ಅವರನ್ನು ಕುರ್ಚಿ ಬಿಟ್ಟೇಳದ ಮನುಷ್ಯ ಅನ್ನುತ್ತಿದ್ದರು. ಅವರು ಎರಡನ್ನೂ ಬಹುಮಾನದಂತೆ ತೆಗೆದುಕೊಳ್ಳುತ್ತಿದ್ದರು. ನಮಗೆ ಸಿಗರೇಟಿನ ಹೊಗೆಯ ನಡುವೆ ಪಾಠ ಹೇಳಿದವರು. ಕೆಟ್ಟವರಲ್ಲ. ಈ ಕತೆಯಲ್ಲಿ ಕೆಟ್ಟವರೊಬ್ಬರು ಸಿಕ್ಕಿದ್ದರೆ ನಾನು ಇದನ್ನು ಎಂದೋ ಬರೆದು ಮುಗಿಸುತ್ತಿದ್ದೆ.

ಕಾರ್ಖಾನೆಯವರು ಮೊದಲು ನಮ್ಮನ್ನು ಒಳಗೆ ಬಿಡಲಿಲ್ಲ. ಯಂತ್ರ ಓಡುವಾಗ ಹೊರಗಿನವರು ಬರುವಂತಿಲ್ಲ, ಅಪಾಯ ಎಂದರು. ಅದೂ ಸುಳ್ಳಲ್ಲ. ಆಯುಧಪೂಜೆಯ ದಿನ ಬನ್ನಿ, ಅಂದು ಎಲ್ಲರ ಮನೆಯವರೂ ಬರುತ್ತಾರೆ, ನೀವೂ ಬನ್ನಿ, ಯಾರನ್ನು ಬೇಕಾದರೂ ಮಾತಾಡಿಸಿ ಎಂದರು. ಪ್ರೊಫೆಸರರಿಗೆ ಖುಷಿಯಾಯಿತು. ಎಲ್ಲ ಕೆಲಸಗಾರರೂ ಒಂದೇ ಕಡೆ, ಕೆಲಸದ ಜಾಗದಲ್ಲೇ, ಪುರುಸೊತ್ತಿನಲ್ಲಿ. ಮನೆಮನೆಗೆ ಹೋಗಿ ಕೇಳಿದರೆ ಸಂಘದವರು ಬಂದು ಪಕ್ಕದಲ್ಲಿ ಕೂರುತ್ತಾರೆ, ಉತ್ತರ ಅವರದಾಗುತ್ತದೆ ಎಂಬುದು ಅವರ ವಾದ.

ಪೂಜೆಯ ದಿನ ಬೇಡ ಎಂದು ನಾನು ಹೇಳಿದೆ. ಹೇಗೆ ಹೇಳಿದೆ ಎಂಬಲ್ಲಿ ನೆನಪು ನನ್ನನ್ನು ಓಲೈಸುತ್ತದೆ. ಒಂದು ನೆನಪಿನಲ್ಲಿ ನಾನು ಅವರ ಮೇಜಿನ ಮುಂದೆ ನಿಂತು ಸ್ಪಷ್ಟವಾಗಿ ವಾದಿಸುತ್ತೇನೆ. ಅಷ್ಟು ಸ್ಪಷ್ಟವಾಗಿ ನಾನು ಆ ಕಾಲದಲ್ಲಿ ಮಾತಾಡುತ್ತಿರಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತ ಅಂದಿರಬೇಕು.

"ಸಾರ್, ಅವತ್ತು ಯಾರೂ ಮೆಷಿನ್ ಬಗ್ಗೆ ಕೆಟ್ಟದ್ದು ಹೇಳಲ್ಲ."

"ಯಾಕಮ್ಮ?"

"ಪೂಜೆ ಅಲ್ವಾ ಸಾರ್."

"ಅವರು ಕಾರ್ಮಿಕರು ಕಣಮ್ಮ, ಅರ್ಚಕರಲ್ಲ" ಎಂದರು. ಕೋಣೆಯಲ್ಲಿದ್ದವರು ನಕ್ಕರು. ಈ ನಗು ಮಾತ್ರ ನಿಜ, ಯಾಕೆಂದರೆ ಅದು ನನಗೆ ಬೇಡವಾದ ನೆನಪು.

ಹೋದೆವು. ಗೇಟಿಗೆ ಬಾಳೆಕಂದು. ಕುಂಕುಮ ತುಂಬಿ ಒಡೆದ ಬೂದುಗುಂಬಳದ ಕೆಂಪು ತಿರುಳು ರಸ್ತೆಯ ಮೇಲೆ. ಒಳಗೆ ನೆಲವನ್ನು ತೊಳೆದು ರಂಗೋಲಿ ಹಾಕಿದ್ದರು. ಹಿಂದಿನ ದಿನವೇ ಸೀಮೆಎಣ್ಣೆಯಲ್ಲಿ ಒರೆಸಿದ ಯಂತ್ರಗಳಿಗೆ ವಿಭೂತಿ, ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಮಾಲೀಕರು ರೇಷ್ಮೆ ಪಂಚೆಯಲ್ಲಿ ಓಡಾಡುತ್ತ ಎಲ್ಲರ ಮಕ್ಕಳ ಕೆನ್ನೆ ಮುಟ್ಟುತ್ತಿದ್ದರು. ಆ ಕಟ್ಟಡದಲ್ಲಿ ಸದ್ದಿಲ್ಲ. ಸದ್ದಿನ ಬಗ್ಗೆ ಕೇಳಲು ನಾವು ಆರಿಸಿಕೊಂಡಿದ್ದು, ಅಥವಾ ನಮಗೆ ಸಿಕ್ಕಿದ್ದು, ವರ್ಷದಲ್ಲಿ ಸದ್ದಿಲ್ಲದ ದಿನ.

ಪಕ್ಕದ ಮನೆಯವರು ಹೊಸ ಬಟ್ಟೆಯಲ್ಲಿ ಬಂದಿದ್ದರು. ಅವಳು ಗಂಡನ ಯಂತ್ರವನ್ನು ನೋಡುತ್ತಿದ್ದದ್ದು ಅದೇ ಮೊದಲು. ಅದು ಅವಳಿಗಿಂತ ಎಷ್ಟೋ ಎತ್ತರವಿತ್ತು. ತಲೆಯೆತ್ತಿ ನೋಡಿದಳು.

"ಓ, ಇವಳೇನಾ ನನ್ನ ಸವತಿ" ಎಂದಳು.

"ಹೂಂ. ಇವಳು ಬಾಯಿ ಬಿಟ್ರೆ ನಿನ್ ಬಾಯಿ ಏನೇನೂ ಅಲ್ಲ" ಎಂದ ಆತ.

"ಅದಕ್ಕೇ ಅವಳ ಮಾತು ಮಾತ್ರ ಕೇಳ್ಸೋದು ನಿಮಗೆ."

ಸುತ್ತಲಿನವರು ನಕ್ಕರು. ಆತ ಮಕ್ಕಳನ್ನು ಎತ್ತಿ ಯಂತ್ರದ ಹಾಸಿನ ಮೇಲೆ ಕೂರಿಸಿದ. ಏಟು ಬೀಳುವ ಜಾಗ ಅದೇ. ಅಲ್ಲಿ ಈಗ ನಿಂಬೆಹಣ್ಣಿತ್ತು.

ನಾನು ಆತನನ್ನು ಕೇಳಬೇಕಾಗಿರಲಿಲ್ಲ. ನನ್ನ ಸಹೋದ್ಯೋಗಿಯ ಪಾಲಿಗೆ ಆತನ ಸೆಕ್ಷನ್ ಬಂದಿತ್ತು. ಆದರೂ ನಾನು ಹತ್ತಿರದಲ್ಲೇ ನಿಂತಿದ್ದೆ. ಈ ಯಂತ್ರದ ಕೆಲಸದಿಂದ ನಿಮಗೆ ಏನಾದರೂ ತೊಂದರೆ ಇದೆಯೇ? ಪ್ರಶ್ನೆ ಅಷ್ಟೇ. ಆತ ಯಂತ್ರವನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡ.

"ಅನ್ನ ಕೊಡೋ ತಾಯಿ ಸಾರ್. ತೊಂದ್ರೆ ಏನೂ ಇಲ್ಲ. ಬರ್ಕೊಳಿ."

ಹೆಂಡತಿ ಪಕ್ಕದಲ್ಲಿ. ಮಕ್ಕಳು ಯಂತ್ರದ ಮೇಲೆ. ಕುಂಕುಮ ಇನ್ನೂ ಹಸಿ. ಬೇರೆ ಏನು ಹೇಳಬೇಕಿತ್ತು ಆತ? ನನ್ನ ಸಹೋದ್ಯೋಗಿ ಬರೆದುಕೊಂಡ. ನಾನು ಮಾತಾಡಿಸಿದವರೂ ಅದನ್ನೇ ಹೇಳಿದರು. ಯಂತ್ರ ಮುಟ್ಟಿ, ಕಣ್ಣಿಗೊತ್ತಿ. ಹೊರಡುವಾಗ ಎಲ್ಲರಿಗೂ ಕೊಟ್ಟಂತೆ ನಮಗೂ ಕಡ್ಲೆಪುರಿ, ಬೂಂದಿಯ ಪೊಟ್ಟಣ ಕೊಟ್ಟರು. ಬೇಡ ಅನ್ನುವುದು ಹೇಗೆ. ಪ್ರಸಾದ.

ವರದಿಯಲ್ಲಿ ಪ್ರೊಫೆಸರರು ನನ್ನ ಮಾತನ್ನು ಸೇರಿಸಿದರು. ಸಂದರ್ಶನಗಳು ಹಬ್ಬದ ದಿನ, ಕುಟುಂಬದವರ ಎದುರು ನಡೆದವು. ಯಂತ್ರದ ಬಗ್ಗೆ ದೂರು ಹೇಳಲು ಆ ದಿನ ತಕ್ಕದ್ದಲ್ಲ. ಆದ್ದರಿಂದ ಸದ್ದಿನ ವಿಷಯದ ಉತ್ತರಗಳನ್ನು ಎಚ್ಚರಿಕೆಯಿಂದ ನೋಡಬೇಕು. ಅಚ್ಚುಕಟ್ಟಾದ ಒಂದು ಪ್ಯಾರಾ. ನನಗೆ ಸಮಾಧಾನವಾಗಿತ್ತು. ಬರೆದದ್ದನ್ನು ಓದುತ್ತಾರೆ ಎಂದು ನಂಬುವ ವಯಸ್ಸು.

ವಿಶ್ವವಿದ್ಯಾಲಯದಲ್ಲಿ ಆಗ ಪ್ರಚಾರ ವಿಭಾಗ ಎಂಬುದೊಂದಿತ್ತು. ಘಟಿಕೋತ್ಸವ, ಅತಿಥಿ ಉಪನ್ಯಾಸ, ಹೂದೋಟ ಉದ್ಘಾಟನೆ, ಇವುಗಳ ಸುದ್ದಿಯನ್ನು ಪತ್ರಿಕೆಗಳಿಗೆ ಕಳಿಸುವುದು ಅದರ ಕೆಲಸ. ನಮ್ಮ ವರದಿಯಿಂದಲೂ ಹತ್ತು ಸಾಲು ತೆಗೆದು ಕಳಿಸಿತು. ಪೀಣ್ಯದ ಕಾರ್ಮಿಕರಲ್ಲಿ ಹೆಚ್ಚಿನವರಿಗೆ ಯಂತ್ರದ ಸದ್ದಿನಿಂದ ತೊಂದರೆಯಿಲ್ಲ ಎಂಬ ಸಾಲು ಅದರಲ್ಲಿತ್ತು. ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಅದಕ್ಕೆ ಬಾಲ ಬಂದಿತ್ತು: ಸದ್ದಿನ ದೂರು ಕಾರ್ಮಿಕರದ್ದಕ್ಕಿಂತ ಸಂಘಗಳದ್ದೇ ಹೆಚ್ಚು ಎಂಬ ಅರ್ಥದ ತಲೆಬರಹ.

ಪತ್ರಿಕೆಯನ್ನು ನಾನು ನೋಡಿದ್ದು ಬಸ್ಸಿನಲ್ಲಿ, ಮುಂದಿನವರ ಭುಜದ ಮೇಲಿಂದ. ಅವರು ಪುಟ ತಿರುಗಿಸಿಬಿಟ್ಟರು.

ಸಂಜೆ ಬಂದಾಗ ಸೆಕೆಂಡ್ ಶಿಫ್ಟಿನ ವಾರವೇ. ಆದರೆ ಓಣಿಯಲ್ಲೆಲ್ಲ ರೇಡಿಯೊ. ಆತ ರಜೆ ಹಾಕಿದ್ದಾನೆ ಅಂದುಕೊಂಡೆ. ಮರುದಿನ ಮಧ್ಯಾಹ್ನ ನಾನು ಮನೆಯಲ್ಲಿದ್ದೆ. ಆತ ಟಿಫನ್ ಡಬ್ಬಿ ಹಿಡಿದು ಹೊರಟದ್ದನ್ನು ಕಿಟಕಿಯಿಂದ ನೋಡಿದೆ. ರೇಡಿಯೊ ಸಣ್ಣದಾಗಲಿಲ್ಲ.

ಅವರ ತಟ್ಟೆ ನನ್ನಲ್ಲಿತ್ತು. ಬಾಳೆಹಣ್ಣು ಇಟ್ಟುಕೊಂಡು ಹೋದೆ. ಬಾಗಿಲು ಅರ್ಧ ತೆರೆದಳು. ಒಳಗೆ ಯಾರೋ ಗೊಬ್ಬರದ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು.

"ನಾನು ಹಾಗೆ ಬರೆದಿಲ್ಲ ಕಣ್ರೀ" ಎಂದೆ.

"ಕಂಪನಿಯೋರು ಪೇಪರ್ ಓದಿ ಹೇಳಿದ್ರು ಮಾತುಕತೆ ಟೈಮಲ್ಲಿ. ನಿಮ್ ಜನಾನೇ ತೊಂದ್ರೆ ಇಲ್ಲ ಅಂದಿದಾರಲ್ಲ, ಸೆಕ್ಷನ್ ಚೇಂಜ್ ಯಾಕೆ ಅಂತ. ಇವರೇ ಹೇಳಿದ್ದು ಅಂತ ಇವರ ಮುಂದೇನೇ."

"ಅದು ಪೂಜೆ ದಿನ ಹೇಳಿದ್ದಲ್ವಾ. ನಾನು ಅದನ್ನೂ ಬರೆಸಿದೀನಿ."

"ಪೂಜೆ ದಿನ ಯಾಕೆ ಕೇಳಿದ್ರಿ ಹಂಗಾದ್ರೆ?"

ನನ್ನಲ್ಲಿ ಉತ್ತರವಿತ್ತು. ಗೇಟು, ಅನುಮತಿ, ವಿಧಾನ. ಅದನ್ನು ಅವರೆಕಾಳಿನ ಭಾಷೆಗೆ ತರಲು ಆಗಲಿಲ್ಲ. ಅವಳು ತಟ್ಟೆ ತೆಗೆದುಕೊಂಡು, ಬಾಳೆಹಣ್ಣನ್ನು ಮೆಲ್ಲಗೆ ನನ್ನ ಸೆರಗಿಗೆ ಹಾಕಿದಳು. ಒರಟಾಗಿ ಅಲ್ಲ. ಮಗುವಿನ ಕೈಗೆ ಕೊಡುವಂತೆ, ಒಂದೂ ಬೀಳದ ಹಾಗೆ.

"ಇರ್ಲಿ ಮೇಡಂ. ನಮ್ಮನೇಲಿದೆ" ಎಂದಳು.

ಖಾಲಿ ತಟ್ಟೆ ಒಳಗೆ ಹೋಯಿತು.

ವಠಾರದ ಮಾಲೀಕಳಾದ ಮುದುಕಿ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು.

"ಏನವ್ವ, ನಿಮ್ ಕಾಲೇಜ್ನೋರ್ ಇಸ್ಯ ಪೇಪರ್ನಾಗೆ ಬಂದೈತಂತೆ. ಸಿಹಿ ಎಲ್ಲವ್ವ?"

"ಒಳ್ಳೇ ವಿಷಯ ಅಲ್ಲಜ್ಜಿ."

"ಪೇಪರ್ನಾಗೆ ಬಂದ್ಮ್ಯಾಲೆ ಒಳ್ಳೇದೇನು ಕೆಟ್ಟದ್ದೇನು. ನಮ್ ಒಲ ಕಾರ್ಖಾನೆಗೆ ಓದಾಗ್ಲೂ ಬಂದಿತ್ತು ಪೇಪರ್ನಾಗೆ. ನನ್ ಮಗ ಕತ್ರಿಸಿ ಇಟ್ಟವ್ನೆ." ನನ್ನ ಸೆರಗಿನಿಂದ ಒಂದು ಬಾಳೆಹಣ್ಣನ್ನು ತಾನೇ ತೆಗೆದುಕೊಂಡು ಸುಲಿದಳು.

ಪ್ರಚಾರ ವಿಭಾಗಕ್ಕೆ ಹೋದೆ. ಅಲ್ಲಿದ್ದ ಅಧಿಕಾರಿ ಹಿಂದೆ ಪತ್ರಿಕೆಯೊಂದರಲ್ಲಿ ಉಪಸಂಪಾದಕರಾಗಿದ್ದವರು. ಸಜ್ಜನ, ಕಾಫಿ ತರಿಸಿದರು.

"ಹತ್ತು ಸಾಲು ಮೇಡಂ. ಹತ್ತು ಸಾಲಲ್ಲಿ ನಿಮ್ಮ ಬೂದುಗುಂಬಳ ಎಲ್ಲಿ ಒಡೀಲಿ ನಾನು?"

"ಆ ಒಂದು ಸಾಲು ಇಲ್ಲದೆ ಉಳಿದದ್ದೆಲ್ಲ ಸುಳ್ಳಾಗುತ್ತೆ ಸಾರ್."

"ಪೂಜೆ ಅಂತ ಹಾಕಿದ್ರೆ ಭಕ್ತಿ ಪುಟಕ್ಕೆ ಹೋಗುತ್ತೆ. ಸಂಘ ಗಿಂಘ ಅನ್ನೋದು ನಾನು ಬರೆದಿದ್ದಲ್ಲ, ಅದು ಪತ್ರಿಕೆಯವರದ್ದು. ಕುಡೀರಿ, ಆರುತ್ತೆ."

ಪತ್ರಿಕೆಯವರಿಗೆ ತಿದ್ದುಪಡಿ ಕಳಿಸಲು ಒಪ್ಪಿದರು. ಕಳಿಸಿದರೋ ಇಲ್ಲವೋ, ಬಂದದ್ದನ್ನು ನಾನಂತೂ ನೋಡಲಿಲ್ಲ.

ಆ ವಾರ ಕಾರ್ಖಾನೆಯ ಮುಂದೆ ಗೇಟ್ ಮೀಟಿಂಗ್. ನಾನು ಎದುರಿನ ಬಸ್ ಸ್ಟಾಪಿನಲ್ಲಿದ್ದೆ. ಬಸ್ ಬರುತ್ತಿರಲಿಲ್ಲ. ಸಂಘದ ಮುಖಂಡರು ಮೈಕಿನಲ್ಲಿ ಹೇಳುತ್ತಿದ್ದರು: "ಯೂನಿವರ್ಸಿಟಿಯೋರು ಬಂದ್ರು. ಬೂಂದಿ ತಿಂದ್ರು. ನಿಮ್ ಕಿವಿ ಚೆನ್ನಾಗಿದೆ ಅಂತ ಬರ್ಕೊಂಡ್ ಹೋದ್ರು. ಬೂಂದೀನೂ ಕಂಪನಿದು, ಪೆನ್ನೂ ಕಂಪನಿದು." ಜನ ನಕ್ಕರು. ಪೆನ್ನು ನನ್ನದೇ ಎಂದು ಹೇಳಬೇಕೆನಿಸಿತು. ಆ ಹೊತ್ತಿನಲ್ಲಿ ನನಗೆ ಬಂದ ಯೋಚನೆ ಅದೊಂದೇ. ಗುಂಪಿನಲ್ಲಿ ಪಕ್ಕದ ಮನೆಯಾತ ಇದ್ದನೇ? ಇದ್ದ ಎಂದು ಬರೆದರೆ ಚಿತ್ರ ತುಂಬುತ್ತದೆ. ನಾನು ನೋಡಲಿಲ್ಲ. ನೋಡದಿರಲೆಂದು ಬಸ್ ಬರುವ ದಿಕ್ಕಿಗೇ ಮುಖ ಮಾಡಿದ್ದೆ.

ಪ್ರೊಫೆಸರರಿಗೆ ನೋವಾಯಿತು. ಜೀವಮಾನವೆಲ್ಲ ಕೆಂಪು ಎನಿಸಿಕೊಂಡವರಿಗೆ ಕಂಪನಿಯ ಮನುಷ್ಯ ಎನಿಸಿಕೊಳ್ಳುವುದು ಹೊಸದು. ಸಂಘದ ಕಚೇರಿಗೆ ತಾವೇ ಹೋಗಿ, ಸಭೆ ಮಾಡಿಸಿ, ಪೂಜೆಯ ದಿನದ ವಿಷಯವನ್ನೆಲ್ಲ ವಿವರಿಸಿದರು. ಅವರ ಫೋಟೊ ಇನ್ನೊಂದು ಪತ್ರಿಕೆಯಲ್ಲಿ ಬಂತು. ಹಿಂದೆ ಬಾವುಟ, ಮುಂದೆ ಎತ್ತಿದ ಕೈ. ಕೈ ಎತ್ತಿದ್ದು ಫ್ಯಾನ್ ನಿಲ್ಲಿಸಿ ಎನ್ನಲು, ಕಾಗದಗಳು ಹಾರುತ್ತಿದ್ದವು ಎಂದು ಅವರೇ ಹೇಳಿದರು. ಅದನ್ನು ನೋಡಿದ ಕಾರ್ಖಾನೆ ಮಾಲೀಕರು, ಈ ಅಧ್ಯಯನ ಮೊದಲಿನಿಂದಲೂ ಸಂಘದವರ ಕೂಸು, ವಿಶ್ವವಿದ್ಯಾಲಯ ರಾಜಕೀಯ ಮಾಡುತ್ತಿದೆ ಎಂದು ಕುಲಪತಿಗಳಿಗೆ ದೂರಿದರು. ಒಂದೇ ವರದಿ. ಅದನ್ನು ತೆರೆದು ನೋಡಿದವರು ಎರಡೂ ಕಡೆ ಯಾರೂ ಸಿಗಲಿಲ್ಲ ನನಗೆ.

"ಎರಡೂ ಕಡೆಯೋರು ಬೈತಿದಾರೆ ಅಂದ್ರೆ ನಾವು ಮಧ್ಯದಲ್ಲಿ ಸರಿಯಾಗಿದೀವಿ ಅಂತ ಅರ್ಥ ಕಣಮ್ಮ" ಎಂದರು ಪ್ರೊಫೆಸರರು. ಮೊದಲ ಬಾರಿಗೆ ಅವರ ಮಾತು ನನಗೆ ಸೋಮಾರಿತನದ್ದೆನಿಸಿತು. ಎರಡು ಕಡೆಯವರು ಬೈದರೆ ಎರಡು ಕಡೆಯವರು ಬೈದರು ಎಂದಷ್ಟೇ ಅರ್ಥ. ಮಧ್ಯ ಎನ್ನುವ ಜಾಗದಲ್ಲಿ ಒಂದು ಯಂತ್ರವಿತ್ತು, ಅದರ ಮುಂದೆ ಒಬ್ಬ ಮನುಷ್ಯ ಕಿವಿ ಕಳೆದುಕೊಳ್ಳುತ್ತಿದ್ದ. ಅದನ್ನು ಹೇಳಿದೆನೇ? ಇಲ್ಲ. ಈಗ ಬರೆಯುವಾಗ ತೋಚಿದ್ದು.

ಕ್ಯಾಂಟೀನಿನಲ್ಲಿ ಸಹೋದ್ಯೋಗಿ ತಟ್ಟೆ ಹಿಡಿದು ನಿಂತು ಕೇಳಿದ: "ನೀವು ಕಂಪನಿ ಕಡೆನಾ, ಯೂನಿಯನ್ ಕಡೆನಾ? ಬೇಗ ಹೇಳಿ, ಪಕ್ಕದಲ್ಲಿ ಕೂರ್ಬೇಕೋ ಬೇಡ್ವೋ ಅಂತ." ತಮಾಷೆಯೇ. ಆತನೂ ಆ ದಿನ ಬರೆದುಕೊಂಡವನೇ. ನಾನು ಇಡ್ಲಿ ಮುರಿಯುತ್ತ ಕೂತೆ. ಆತ ನಿಜವಾಗಿಯೂ ಬೇರೆ ಮೇಜಿಗೆ ಹೋದ, ಅಲ್ಲಿ ಫ್ಯಾನಿತ್ತು.

ಪಕ್ಷಪಾತ ಯಾರ ಮನಸ್ಸಿನಲ್ಲೂ ಇರಲಿಲ್ಲ, ಅದು ಆ ದಿನದಲ್ಲೇ ಇತ್ತು ಎಂದು ಒಂದು ವಾಕ್ಯ ಬರೆದು ಇಟ್ಟುಕೊಂಡಿದ್ದೆ. ಚೆನ್ನಾಗಿದೆ. ಅದಕ್ಕೇ ಅದರ ಮೇಲೆ ಸಂಶಯ. ಗೇಟು ತೆರೆದದ್ದು ಆ ದಿನ ಮಾತ್ರವೇ ಏಕೆ? ರೇಷ್ಮೆ ಪಂಚೆಯವರಿಗೆ ಗೊತ್ತಿತ್ತೇ, ಆ ದಿನ ಯಾರೂ ಬಾಯಿ ಬಿಡುವುದಿಲ್ಲ ಎಂದು? ಗೊತ್ತಿರಬಹುದು. ಅಥವಾ ಅವರಿಗೂ ಅದು ಹಬ್ಬವೇ ಇರಬಹುದು. ಅತಿಥಿಗಳನ್ನು ಹಬ್ಬಕ್ಕೆ ಕರೆಯುತ್ತಾರಲ್ಲವೇ, ಸೂತಕಕ್ಕಲ್ಲ. ಇದನ್ನು ನಾನು ಪತ್ತೆ ಮಾಡಲಿಲ್ಲ. ಪತ್ತೆ ಮಾಡುವುದು ನನ್ನ ಕಸುಬು, ಆದರೆ ಇದು ಅಧ್ಯಯನದ ವ್ಯಾಪ್ತಿಯಲ್ಲಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಹೇಳುವಂಥದ್ದೇನೂ ಇಲ್ಲ. ನಲ್ಲಿಯ ಹತ್ತಿರ ಹೆಂಗಸರು ನನ್ನ ಕೊಡಕ್ಕೆ ಜಾಗ ಬಿಡುತ್ತಿದ್ದರು. ಮುಂಚೆ ಬಿಡುತ್ತಿರಲಿಲ್ಲ, ಜಗಳವಾಡುತ್ತಿದ್ದರು. "ಹಿಡ್ಕೊಳಿ ಮೇಡಂ" ಎಂದು ಸರಿದು ನಿಲ್ಲುತ್ತಿದ್ದರು. ಮರ್ಯಾದೆ ಅಷ್ಟು ತಣ್ಣಗಿರುತ್ತದೆ ಎಂದು ನನಗೆ ಅಲ್ಲಿ ಗೊತ್ತಾಯಿತು. ಅವಳೂ ಅಲ್ಲಿರುತ್ತಿದ್ದಳು. ಮುಖ ತಿರುಗಿಸುತ್ತಿರಲಿಲ್ಲ. ಹಾಗೆ ಮಾಡಿದ್ದರೆ ನಾನೂ ಏನಾದರೂ ಮಾಡಬಹುದಿತ್ತು. ಎಲ್ಲರಿಗೂ ಕೇಳುವಂತೆ "ಊಟ ಆಯ್ತಾ ಮೇಡಂ" ಎನ್ನುತ್ತಿದ್ದಳು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಗೋಡೆಯಾಚೆ ರೇಡಿಯೊ. ಶಿಫ್ಟು ಯಾವುದಾದರೂ ಅದೇ ಎತ್ತರ. ನಾನು ಆ ವರ್ಷ ಗೊಬ್ಬರ, ಹವಾಮಾನ, ಮಾರುಕಟ್ಟೆಯ ದರ ಎಲ್ಲವನ್ನೂ ಕಲಿತೆ.

ಯುಗಾದಿ ಬಂತು. ಆತನನ್ನು ಇನ್ಸ್‌ಪೆಕ್ಷನ್ನಿಗೆ ಹಾಕಲಿಲ್ಲ. ಬೇವುಬೆಲ್ಲ ಎಲ್ಲ ಮನೆಗೂ ಹೋಯಿತು, ನನಗೂ ಬಂತು. ಕಾಗದದಲ್ಲಿ ಕಟ್ಟಿ, ಮಕ್ಕಳ ಕೈಯಲ್ಲಿ. ಕಾಗದವನ್ನು ಹಿಂದಿರುಗಿಸಬೇಕಾಗಿಲ್ಲ.

ಒಂದು ಸಲ ಮಾತ್ರ ಆತನ ಜೊತೆ ಮಾತಾಡಿದೆ. ತುಮಕೂರು ರಸ್ತೆಯ ಬಸ್ಸಿನಲ್ಲಿ, ಬೆಳಗ್ಗೆ. ನಾನು ಕೂತಿದ್ದೆ, ಆತ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ. ಕಿವಿಗೆ ಹತ್ತಿ. ಆಸ್ಪತ್ರೆಗೆ ಎಂದ. ದಾಸರಹಳ್ಳಿಯಿಂದ ಯಶವಂತಪುರದವರೆಗೆ ನಾನು ಎಲ್ಲವನ್ನೂ ಹೇಳಿದೆ. ಪೆನ್ನಿನ ಮುಚ್ಚಳ, ಆ ಪ್ಯಾರಾ, ಹತ್ತು ಸಾಲು, ತಲೆಬರಹ. ಮೆಲ್ಲಗೆ ಹೇಳಿದೆ, ಸುತ್ತ ಜನವಿದ್ದರು. ಆತ ನನ್ನ ಕಡೆ ಬಾಗಿರಲಿಲ್ಲ. ನನ್ನತ್ತ ಇದ್ದದ್ದು ಬಲಗಿವಿಯೇ, ಎಡಗಿವಿಯೇ? ಬಾಗಿಲು ಯಾವ ಕಡೆಯಿತ್ತು, ನಾನು ಯಾವ ಸಾಲಿನಲ್ಲಿ ಕೂತಿದ್ದೆ, ಎಂದು ಎಷ್ಟೋ ಸಲ ಕಾಗದದ ಮೇಲೆ ಬಸ್ಸಿನ ಚಿತ್ರ ಬರೆದು ನೋಡಿದ್ದೇನೆ. ಒಮ್ಮೊಮ್ಮೆ ಆತ ಕೇಳಿಸಿಕೊಂಡಿರುತ್ತಾನೆ, ಒಮ್ಮೊಮ್ಮೆ ಇಲ್ಲ. ನಾನು ಮುಗಿಸಿದಾಗ ಆತ ತಲೆಯಾಡಿಸಿದ.

"ಹೂಂ ಮೇಡಂ. ಇವತ್ತು ಸಕ್ಕತ್ ರಶ್ಶು" ಎಂದ.

ಇಳಿದ ಮೇಲೆ ಕಿಟಕಿಯ ಹತ್ತಿರ ಬಂದು ಏನೋ ಹೇಳಿದ, ಬಸ್ಸಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ ಎಂದು ಹಿಂದಿನ ಬರಹವೊಂದರಲ್ಲಿ ಸೇರಿಸಿದ್ದೆ. ಹಾಗೆ ಆಗಲಿಲ್ಲ. ಅಷ್ಟು ಸರಿಯಾಗಿ ಹೊಂದಿ ಕೂರುವ ನೆನಪನ್ನು ನಂಬಬಾರದು. ಆತ ಇಳಿದ, ಹೋದ. ಹತ್ತಿಯ ತುದಿ ಕಿವಿಯಿಂದ ಸ್ವಲ್ಪ ಹೊರಗೆ ಬಂದಿತ್ತು.

ಯೋಜನೆ ಮುಗಿಯಿತು. ಊರಿನ ಇನ್ನೊಂದು ಮೂಲೆಯಲ್ಲಿ, ಮಹದೇವಪುರದ ಕಡೆ, ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಜಾಗ ಸಿಕ್ಕಿತು. ಮಧ್ಯಾಹ್ನ ಆಟೊ ತರಿಸಿದೆ. ಡ್ರೈವರ್ ಪುಸ್ತಕದ ಪೆಟ್ಟಿಗೆ ಎತ್ತಿ, "ಏನಕ್ಕ, ಒಳಗೆ ಕಬ್ಬಿಣ ಇಟ್ಟಿದೀರಾ" ಎಂದ. ಮುದುಕಿ ಕೋಣೆಯ ಬೀಗದ ಕೈ ತೆಗೆದುಕೊಂಡು, ಮೊಳೆ ಹೊಡೆದಿದ್ದೀಯಾ ಎಂದು ಗೋಡೆ ತಡವಿ ನೋಡಿದಳು. ನಲ್ಲಿಯ ಬಳಿ ಯಾರೂ ಇರಲಿಲ್ಲ.

ಪಕ್ಕದ ಮನೆಯ ಬಾಗಿಲು ಹಾಕಿತ್ತು. ಸೆಕೆಂಡ್ ಶಿಫ್ಟಿನ ವಾರ. ಆತ ಡಬ್ಬಿ ಹಿಡಿದು ಹೊರಟು ಸುಮಾರು ಹೊತ್ತಾಗಿತ್ತು, ಮಕ್ಕಳು ಶಾಲೆಯಲ್ಲಿದ್ದರು. ಒಳಗೆ ಅವಳೊಬ್ಬಳೇ. ರೇಡಿಯೊ ಓಣಿಗೆಲ್ಲ ಕೇಳುವಂತೆ ಹಾಡುತ್ತಿತ್ತು. ಅಷ್ಟು ದಿನಗಳಲ್ಲಿ ಅವಳಿಗೂ ಆ ಎತ್ತರವೇ ರೂಢಿಯಾಗಿತ್ತೋ, ನಾನು ಸಾಮಾನು ಎಳೆಯುವ ಸದ್ದು ಕೇಳದಿರಲೆಂದೋ. ನಾನು ಆಟೊದಲ್ಲಿ ಕೂತು ಸ್ವಲ್ಪ ತಡೆದೆ. ಹಾಡು ಮುಗಿಯಿತು. ಇನ್ನೊಂದು ಶುರುವಾಗುವ ಮೊದಲು ಸ್ವಲ್ಪ ಬಿಡುವು ಇರುತ್ತದಲ್ಲ, ಅದು ಬಂತು.

"ಹೊರಡೋಣ್ವಾ ಅಕ್ಕ?" ಎಂದ ಡ್ರೈವರ್.

ಇನ್ನೊಂದು ಹಾಡು ಶುರುವಾಯಿತು, ಅಷ್ಟೇ ಜೋರಾಗಿ. ಹೊರಡಿ ಎಂದೆ.